ಮಾರೆತಜ್ಜಿಯ ಕೊನೆಯ ಸಾಲು

ನವೆಂಬರಿನಲ್ಲಿ ಸತ್ತವರು ಮನೆಗೆ ಬರುವ ವಾರಗಳಲ್ಲಿ ನಮ್ಮ ಕಡೆ ಯಾರೂ ಗಟ್ಟಿಯಾಗಿ ಹಾಡುವುದಿಲ್ಲ. ಹೆಸರು ಹಿಡಿದು ಕರೆದು ಬಡಿಸಬೇಕು. ಉಂಡಾದ ಮೇಲೆ, ದಾರಿ ಹಿಡಿದು ಹೋಗಿ, ಪೈರು ತುಳಿಯಬೇಡಿ ಎಂದು ಹೇಳಿ ಕಳಿಸಿಬಿಡಬೇಕು. ಹಿಂದ್ರಿಕ್ ಮೇಷ್ಟ್ರು ಕರೆದರು, ಕಳಿಸಲಿಲ್ಲ.

ಇಪ್ಪತ್ತು ವರ್ಷ ಊರ ಶಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತಲೇ ಊರವರ ಹಾಡುಮೇಳಕ್ಕೆ ಹಾಡು ಕಟ್ಟಿದವರು ಅವರು. ಈ ಸಲದ ಹಾಡನ್ನು ಊರ ಹಳೆಯ ಹಾಡುಗಾರ್ತಿ ಮಾರೆತಜ್ಜಿಯ ಬಾಯಿಂದ ಬರೆದುಕೊಂಡಿದ್ದರು. ಕೊನೆಯ ಸಾಲು ಕೊಡದೆ ಅಜ್ಜಿ ವಸಂತದಲ್ಲಿ ತೀರಿಕೊಂಡಳು. ಶನಿವಾರದ ಅಂಚೆಗೆ ಪೂರ್ತಿ ಹಾಡು ಹೋಗದಿದ್ದರೆ ತಾರ್ತು ಪಟ್ಟಣದಲ್ಲಿ ಜೂನಿಗೆ ನಡೆಯುವ ಹಾಡುಹಬ್ಬದಲ್ಲಿ ಅದಕ್ಕೆ ಜಾಗವಿಲ್ಲ.

ಗುರುವಾರ ಪಾಠ ಮುಗಿದ ಮೇಲೆ ಮೇಷ್ಟ್ರು ಮೇಜಿನ ಮೇಲೆ ಬಾರ್ಲಿ ಗಂಜಿ, ಬೇಯಿಸಿದ ಬಟಾಣಿ ಇಟ್ಟು ಅಜ್ಜಿಯನ್ನು ಕರೆದರು. ಮೇಳದವರು ನಾವು ಹದಿನಾರು ಜನ ನಿಂತೆವು. ಅವರ ಕೈಕೆಳಗಿನ ಟೀಚರಾದ ನಾನು ಸಾಲನ್ನು ಮೊದಲು ಹಾಡಬೇಕು. ಅದರ ಬಾಲ ಹಿಡಿದು ಮೇಳ ಅದನ್ನೇ ತಿರುಗಿ ಹಾಡಬೇಕು.

ಎರಡನೇ ಸಾಲಿಗೇ ಒಲೆಯ ಪಕ್ಕದಿಂದ ಹದಿನೇಳನೆಯ ದನಿ ಸೇರಿತು. ಒಡಕು ದನಿ. ನಾನು ಮುಗಿಸುವ ಮೊದಲೇ ಬಾಲ ಹಿಡಿಯುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ.

“ಬಂದವ್ಳೆ. ಕಳಿಸ್ಬಿಡಿ ಮೇಷ್ಟ್ರೇ,” ಎಂದಳು ಶಾಲೆ ಗುಡಿಸುವ ತೀಯು ಅಜ್ಜಿ, ಪೊರಕೆ ಎದೆಗವಚಿಕೊಂಡು.

“ಸುಮ್ನಿರು ತೀಯು. ಬದುಕಿದ್ದಾಗ ಸಾಲಿಗೊಂದು ಚಿಟಿಕೆ ನಶ್ಯ ಕೇಳ್ತಿದ್ಲು. ಈಗ ಪುಕ್ಕಟೆ ಕೊಡ್ತಿದ್ದಾಳೆ.”

“ಅವ್ಳು ಪುಕ್ಕಟೆ ಕೊಟ್ಟಿದ್ದು ನಾನಂತೂ ಕಾಣೆ.”

“ಲೀಸು, ಮುಂದಿಂದು ಹಾಡಮ್ಮ,” ಎಂದು ನನಗೆ ಹೇಳಿ ಮೇಷ್ಟ್ರು ಹಾಳೆ, ಪೆನ್ಸಿಲ್ಲು ಹಿಡಿದು ಕಾದರು.

ದನಿ ಈಗ ನನ್ನ ಹೆಗಲ ಹತ್ತಿರವೇ ಇತ್ತು. ಕಿವಿ ತಣ್ಣಗಾಯಿತು. ಮಕ್ಕಳನ್ನು ಗದರಲೂ ನಾಚುವ ನಾನು ಹಾಡುವ ಬದಲು ಗಟ್ಟಿಯಾಗಿ ಹೇಳಿಬಿಟ್ಟೆ: “ಮಾರೆತಜ್ಜಿ, ಉಂಡಾಯ್ತಲ್ಲ, ಇನ್ನು ಹೊರಡಿ!”

ದನಿ ಬಾಗಿಲ ಕಡೆ ಸರಿಯಿತು. ಸರಿಯುತ್ತ, ನಾವ್ಯಾರೂ ಕೇಳಿರದ ಒಂದು ಸಾಲನ್ನು ಶುರು ಮಾಡಿತು.

“ಅದೇ! ಅದೇ ಅದು! ತಾಳಜ್ಜಿ!” ಮೇಷ್ಟ್ರು ಕೋಟೂ ಹಾಕದೆ ಹಾಳೆ ಹಿಡಿದು ಹಿಂದೆಯೇ ಓಡಿದರು.

ರಾತ್ರಿಯಿಡೀ ಬರಲಿಲ್ಲ. ಬೆಳಿಗ್ಗೆ ನಾನೂ ತೀಯು ಅಜ್ಜಿಯೂ ಹುಡುಕಿ ಹೊರಟೆವು. ಶಾಲೆಯ ಹಿಂದಿನ ಹೊಲದಲ್ಲಿ ಚಳಿಗಾಲಕ್ಕೆ ಬಿತ್ತಿದ ರೈ ಧಾನ್ಯದ ಪೈರು ಬೆರಳುದ್ದ ಎದ್ದಿತ್ತು. ಅದನ್ನು ತುಳಿದುಕೊಂಡು ಎರಡು ಜೊತೆ ಹೆಜ್ಜೆಗಳು ಅಕ್ಕಪಕ್ಕ ಹೋಗಿದ್ದವು: ಮೇಷ್ಟ್ರ ಬೂಟು, ಒಂದು ಪುಟ್ಟ ಮೆಟ್ಟು. ಹೊಲದ ನಟ್ಟನಡುವೆ ಎರಡೂ ನಿಂತುಹೋಗಿದ್ದವು. ಅಲ್ಲಿ ಹಾಳೆ ಬಿದ್ದಿತ್ತು. ಕೊನೆಯ ಸಾಲು ಅವರದೇ ಅಕ್ಷರದಲ್ಲಿ, ಸ್ವರಗಳ ಸಮೇತ, ಪೂರ್ತಿಯಾಗಿತ್ತು.

ತೀಯು ಅಜ್ಜಿ ನನ್ನ ಮೊಣಕೈ ಹಿಡಿದಳು. “ಕಳಿಸ್ವಾಗ ದಾರಿ ಮಾತು, ಪೈರಿನ ಮಾತು ಅಂದ್ಯೇನೇ ಮಗಾ?”

ನಾನು ಅಂದಿರಲಿಲ್ಲ.

ಹಾಳೆಯನ್ನು ಶನಿವಾರ ಅಂಚೆಗೆ ಹಾಕಿದೆ. ಜೂನಿನಲ್ಲಿ ಆ ಸಾಲನ್ನು ನಾನೇ ಮೊದಲು ಹಾಡಬೇಕು. ಬಾಲ ಯಾರು ಯಾರು ಹಿಡಿಯುತ್ತಾರೋ.