ಹುಳದ ಮನೆಯ ಮೈಲಿಗೆ

ಗೌತಮ ರೇಷ್ಮೆ ಇಲಾಖೆಯ ಕೆಲಸಕ್ಕೆಂದು ದೇವದುರ್ಗಕ್ಕೆ ಬಂದು ಮೂರು ವರ್ಷವಾಗಿತ್ತು. ಹುಳ ಸಾಕುವ ಮನೆಗಳಲ್ಲೆಲ್ಲ ಅವನ ಒಂದು ಮಾತು ಗಾದೆಯಷ್ಟು ಬಳಕೆಗೆ ಬಂದಿತ್ತು: "ಕೈ ತೊಳಿರಿ, ಕಾಲು ತೊಳಿರಿ, ಆಮ್ಯಾಲೆ ಹುಳದ ಮುಖ ನೋಡ್ರಿ." ರೇಷ್ಮೆ ಹುಳ ಹಸುಗೂಸಿಗಿಂತ ನಾಜೂಕು. ಅದಕ್ಕೆ ಬೀಡಿಯ ವಾಸನೆ ಆಗದು, ತಂಬಾಕಿನ ಬೆರಳು ಆಗದು. ಒಂದು ಮನೆಯ ರೋಗ ಇನ್ನೊಂದು ಮನೆಗೆ ಚಪ್ಪಲಿಗೆ ಅಂಟಿಕೊಂಡು ಬಂದುಬಿಡುತ್ತದೆ. ಅದಕ್ಕೇ ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿಯ ತಟ್ಟೆ, ಪಕ್ಕದಲ್ಲಿ ಔಷಧಿ ನೀರಿನ ಬಕೆಟ್ಟು, ಬಾಗಿಲ ಮೇಲೆ 'ಹೊರಗಿನವರಿಗೆ ಪ್ರವೇಶವಿಲ್ಲ' ಎಂಬ ಹಲಗೆ. ಹಲಗೆ ಬರೆಸಿ ಹಂಚಿದವನೂ ಗೌತಮನೇ.

ಅದನ್ನು ಎಲ್ಲರಿಗಿಂತ ಖುಷಿಯಿಂದ ಹಾಕಿಸಿಕೊಂಡವನು ಅಮರೇಶ. ಗಬ್ಬೂರಿನ ಹತ್ತಿರ ಎರಡೆಕರೆ ಹಿಪ್ಪುನೇರಳೆ ಹಚ್ಚಿದ್ದ. ಅವನ ತಾಯಿ ಮಹಾಂತಮ್ಮ ಪೂಜೆಗೆ ಉಡುವ ಹಳೆಯ ರೇಷ್ಮೆ ಸೀರೆಯನ್ನೇ ಉಟ್ಟು ಹುಳದ ಮನೆಗೆ ಹೋಗುತ್ತಿದ್ದಳು. "ರೇಷ್ಮಿಗೆ ಮೈಲಿಗಿ ಇಲ್ಲರೀ ಸಾಹೇಬ್ರ, ಆದ್ರ ಹುಳಕ್ಕ ತಟ್ಟತದ," ಎಂದು ಗೌತಮನಿಗೇ ಪಾಠ ಹೇಳುವಳು. ರೋಗಾಣುವಿಗೆ ಮುದುಕಿ ಮೈಲಿಗೆ ಅನ್ನುತ್ತಾಳೆಂದು ಅವನು ನಕ್ಕು ಬಿಟ್ಟಿದ್ದ. ನಗುವಂಥದ್ದೇನಿತ್ತು? ತಾನೇನು ಅನ್ನುತ್ತಿದ್ದೇನೆಂದು ಮುದುಕಿಗೆ ಚೆನ್ನಾಗಿ ಗೊತ್ತಿತ್ತು. ಸಿರವಾರದಿಂದ ಬಂದ ಅಳಿಯ ಗುಟ್ಕಾ ಜಗಿಯುತ್ತ ಒಳಗೆ ಹೋಗಿ ಫೋಟೊ ತೆಗೆಸಿಕೊಳ್ಳಬಹುದು. ದಿನಾ ನಸುಕಿಗೂ ಇಳಿಹೊತ್ತಿಗೂ ಸೊಪ್ಪು ಕೊಯ್ದು ತರುವ ದುರುಗಮ್ಮ ಮಾತ್ರ ಬುಟ್ಟಿಯನ್ನು ಹೊಸ್ತಿಲ ಹೊರಗೇ ಇಳಿಸಬೇಕು. ಯಾಕೆ ಅಂದರೆ ಹಲಗೆಯ ಕಡೆ ಬೆರಳು ತೋರಿಸುತ್ತಿದ್ದರು.

ದುರುಗಮ್ಮನಿಗೆ ಗೌತಮ ಮಗನ ವಯಸ್ಸಿನವನು, ಮೇಲಾಗಿ ಅವಳದೇ ಮಂದಿಯವನು. "ನಮ್ಮ ಹುಡುಗ ಒಳಗ ಹೋಗಿ ಅವರಿಗೇ ಬುದ್ಧಿ ಹೇಳಿ ಬರ್ತಾನ," ಎಂದು ಸೊಪ್ಪು ಕೊಯ್ಯುವ ಹೆಂಗಸರ ಮುಂದೆ ಹಿಗ್ಗುತ್ತಿದ್ದಳು. ಅದು ಕಿವಿಗೆ ಬಿದ್ದಾಗೆಲ್ಲ ಹಲಗೆಯ ಮಾತು ಎತ್ತಬೇಕು ಅಂದುಕೊಳ್ಳುತ್ತಿದ್ದ ಗೌತಮ. ಎತ್ತಿರಲಿಲ್ಲ. ನಯವಾದ ಮಾತಿನ ಅಧಿಕಾರಿ ಎಂದು ನಾಲ್ಕು ಊರಲ್ಲಿ ಹೆಸರಾಗಿತ್ತು. ಆ ಹೆಸರನ್ನು ಕೆಡಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಒಂದು ಸೋಮವಾರ ಮಾನ್ವಿ ಕಡೆಯ ಸಹೋದ್ಯೋಗಿ ರಜೆ ಹಾಕಿದ್ದರಿಂದ ಹಿರೇಕೊಟ್ನೆಕಲ್ಲಿಗೂ ಅವನೇ ಹೋಗಬೇಕಾಯಿತು. ಅಲ್ಲಿ ಒಬ್ಬರ ಮನೆಯಲ್ಲಿ ಹುಳಕ್ಕೆ ಹಾಲುತೊಂಡೆ ರೋಗ ಬಂದಿತ್ತು. ಮೈ ಊದಿ, ಮುಟ್ಟಿದರೆ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಸತ್ತ ಹುಳಗಳನ್ನು ಗೌತಮನೇ ಆರಿಸಿ ಸುಣ್ಣದ ಗುಂಡಿಗೆ ಹಾಕಿಸಿದ. ಅಷ್ಟರಲ್ಲಿ ರಾಯಚೂರಿನಿಂದ ಮೇಲಧಿಕಾರಿಯ ಫೋನು: ಗಬ್ಬೂರು ಕಡೆಯ ಹುಳದ ಫೋಟೊ ಸಂಜೆಯೊಳಗೆ ಬೇಕು. ಬೈಕು ಹತ್ತಿದವನು ಸಿರವಾರದಲ್ಲಿ ಚಹಾಕ್ಕೂ ನಿಲ್ಲದೆ ಅಮರೇಶನ ಹೊಲಕ್ಕೆ ಬಂದ. ಮನೆಯವರು ಇರಲಿಲ್ಲ. ಚಪ್ಪಲಿ ಬಿಡಲಿಲ್ಲ, ಕೈ ತೊಳೆಯಲಿಲ್ಲ, ತಟ್ಟೆಯನ್ನು ದಾಟಿಕೊಂಡೇ ಒಳಗೆ ನಡೆದ. ಒಂದು ಹುಳವನ್ನು ಎತ್ತಿ ಅಂಗೈ ಮೇಲಿಟ್ಟು ಫೋಟೊ ಕೂಡ ತೆಗೆದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುತ್ತಾರಲ್ಲ, ಹಾಗಾಯಿತು.

ಎಂಟನೆಯ ದಿನ ಅಮರೇಶನ ಹುಳ ಒಡೆಯತೊಡಗಿದವು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಾದವು. ಗೌತಮ ಬಾಗಿಲಲ್ಲಿ ನಿಂತು ಒಂದು ಹುಳದ ತಟ್ಟೆ ನೋಡಿದ, ಅವನಿಗೆ ಎಲ್ಲ ಗೊತ್ತಾಗಿಹೋಯಿತು.

"ಇಕಿನೇ ಹೊಸ್ತಲ ದಾಟ್ಯಾಳ," ಎಂದಳು ಮಹಾಂತಮ್ಮ, ಅಂಗಳದಲ್ಲಿ ನಿಂತಿದ್ದ ದುರುಗಮ್ಮನ ಕಡೆ ಕೈ ಮಾಡಿ. "ನಾವು ಇಲ್ಲದಾಗ ಒಳಗ ಹೊಕ್ಕಾಳ."

"ಇಲ್ಲ ಯವ್ವಾ. ನಾ ದಾಟಿಲ್ಲ," ಎಂದಳು ದುರುಗಮ್ಮ. ಒಮ್ಮೆ ಗೌತಮನನ್ನು ನೋಡಿ ಮುಖ ತಿರುಗಿಸಿಕೊಂಡಳು.

ಅಮರೇಶ ಕೇಳಿದ: "ನೀವ ಹೇಳ್ರಿ ಸಾಹೇಬ್ರ. ಈ ರೋಗ ಹ್ಯಾಂಗ ಬಂತು?"

ಹೇಳಲು ಅದೊಂದೇ ಗಳಿಗೆ ಇತ್ತು. ಗೌತಮ ಬಾಗಿಲ ಮೇಲಿನ ಹಲಗೆಯ ಕಡೆ ನೋಡಿದ. "ಹೊರಗಿಂದ ಬಂದದ," ಎಂದ.

ಸುಳ್ಳಂತೂ ಅಲ್ಲ. ಎಂಥ ನಯವಾದ ಮಾತು ನೋಡಿ! ಅದನ್ನೇ ವರದಿಯಲ್ಲೂ ಬರೆದ: 'ಹೊರಗಿನವರ ಪ್ರವೇಶದಿಂದ ಸೋಂಕು.' ಒಂದು ಪ್ರತಿಯನ್ನು ಅಮರೇಶನಿಗೂ ಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ದುರುಗಮ್ಮನನ್ನು ಅವತ್ತೇ ಕೆಲಸದಿಂದ ಬಿಡಿಸಿದರು. ಸುದ್ದಿ ಸುತ್ತಲಿನ ಊರುಗಳಿಗೂ ಹಬ್ಬಿತು. ಅವಳು ಮುಟ್ಟಿದ ಸೊಪ್ಪು ತಿಂದರೆ ಹುಳ ಸಾಯುತ್ತವೆ ಎಂದು ಹಿಪ್ಪುನೇರಳೆ ಹಚ್ಚಿದ ಯಾರೂ ಅವಳನ್ನು ಹೊಲಕ್ಕೆ ಸೇರಿಸಲಿಲ್ಲ.

ಶನಿವಾರ ಸಂಜೆ ಗೌತಮ ರಾಯಚೂರಿನ ತನ್ನ ಮನೆಗೆ ಹೋದ. ಹೆಂಡತಿ ವಿಶಾಖಾ ತಂಗಿಯ ಮದುವೆಗೆಂದು ತಂದ ರೇಷ್ಮೆ ಸೀರೆಯನ್ನು ಮಂಚದ ಮೇಲೆ ಹರವಿದ್ದಳು. ಅವನು ಕೈ ಚಾಚಿದಾಗ ಚೇಷ್ಟೆಗೆ, "ಕೈ ತೊಳಕೊಂಡು ಮುಟ್ರಿ ಸಾಹೇಬ್ರ," ಎಂದಳು. ಅವನು ಚಾಚಿದ ಕೈ ಹಿಂದೆಗೆದುಕೊಂಡ. ಎಲ್ಲ ಹೇಳಿದ. "ನನ್ನ ಮುಂದ ಹೇಳಿದ್ರ ಏನು ಬಂತು? ಆ ಯವ್ವನ ಮುಂದ ಹೇಳ್ರಿ," ಎಂದು ವಿಶಾಖಾ ಸೀರೆ ಮಡಚಿ ಎತ್ತಿಟ್ಟಳು.

ಮರುದಿನ ಮಧ್ಯಾಹ್ನ ಅವನು ದುರುಗಮ್ಮನ ಮನೆಗೆ ಹೋದ. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಅವನು ನೆಲದ ಮೇಲೆಯೇ ಕೂತು, ತಲೆ ಎತ್ತದೆ, "ರೋಗ ತಂದಾಂವ ನಾನ, ಯವ್ವಾ," ಎಂದ.

"ಗೊತ್ತದ," ಎಂದಳು ದುರುಗಮ್ಮ. ಮೊರ ಆಡಿಸುವುದನ್ನು ನಿಲ್ಲಿಸಲಿಲ್ಲ. "ಅವತ್ತು ನಾ ಬದುವಿನ ಮ್ಯಾಲ ಸೊಪ್ಪು ಕಟ್ಟಾಕತ್ತಿದ್ದೆ. ನೀ ಚಪ್ಪಲಿ ಹಾಕ್ಕೊಂಡ ಒಳಗ ಹೋದಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನೂ ಹೊಸ್ತಲ ಹೊರಗ ನಿಂದ್ರಸ್ತಿದ್ರು. ನಮ್ಮ ಮಂದ್ಯಾಗ ಆ ಮನಿ ಒಳಗ ಹೋದಾಂವ ನೀ ಒಬ್ಬನ. ಒಬ್ಬಾಂವರ ಹೋಗ್ಲಿ ಅಂತ ಸುಮ್ನಾದೆ." ಮೊರ ಕೆಳಗಿಟ್ಟು ಸೇರಿಸಿದಳು: "ನೀನ ಹೇಳ್ತಿ ಅಂತ ಮಾಡಿದ್ದೆ, ಖರೆ."

ಗೌತಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. "ನಾಳೆ ನನ್ನ ಜೋಡಿ ಬಾ ಯವ್ವಾ, ಎಲ್ಲಾರ ಮುಂದ ಹೇಳ್ತೀನಿ," ಎಂದ. ಅವಳು ಬೇಡ ಅಂದಳು. ಅವನು ಕೇಳಲಿಲ್ಲ.

ಬೆಳಿಗ್ಗೆ ಅಮರೇಶನ ಅಂಗಳದಲ್ಲಿ ನಾಲ್ಕೈದು ಜನ ರೈತರು ಕೂತಿದ್ದರು. ದುರುಗಮ್ಮ ಬೇಲಿಯ ಹತ್ತಿರವೇ ನಿಂತಳು. ಕುರ್ಚಿ ಕೊಟ್ಟರೂ ಗೌತಮ ಕೂರದೆ, ಹಿರೇಕೊಟ್ನೆಕಲ್ಲಿನ ಹುಳ ಮುಟ್ಟಿದ್ದು, ಕೈ ತೊಳೆಯದೆ ಒಳಗೆ ಬಂದದ್ದು, ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. "ದುರುಗಮ್ಮಂದು ಏನೂ ತಪ್ಪಿಲ್ಲ. ತಪ್ಪು ನಂದು," ಎಂದ.

ಅಮರೇಶ ಅವನನ್ನೇ ನೋಡಿದ, ಬೇಲಿಯ ಕಡೆ ನೋಡಿದ, ಆಮೇಲೆ ನಿಧಾನವಾಗಿ ನಕ್ಕ.

"ಬಿಡ್ರಿ ಸಾಹೇಬ್ರ. ನಿಮ್ಮ ಮಂದಿ ಹೆಣ್ಣಮಗಳು ಬಂದು ಕಣ್ಣೀರು ಹಾಕಿದ್ಲು, ನಿಮಗ ಕರುಳು ಚುರ್ ಅಂತು. ಅದು ನಮಗ ತಿಳೀತದ. ಅದಕ್ಕಂತ ನಿಮ್ಮ ಮ್ಯಾಲ ಯಾಕ ಹಾಕ್ಕೋತೀರಿ? ನೀವ ಬರದು ಕೊಟ್ಟೀರಲ್ಲ, ಹೊರಗಿನವರು ಅಂತ."

"ಆ ಹೊರಗಿನವ ನಾನರೀ," ಎಂದ ಗೌತಮ.

"ನೀವು ಹ್ಯಾಂಗ ಹೊರಗಿನವರು ಆಗ್ತೀರಿ? ನೀವು ನಮ್ಮ ಮನಿಯವರಿದ್ದಂಗ," ಎಂದಳು ಮಹಾಂತಮ್ಮ. ಕೂತಿದ್ದ ರೈತರು ಹೌದೆಂದು ತಲೆಯಾಡಿಸಿದರು. ಎಂಥ ದೊಡ್ಡ ಮನಸ್ಸು ಎಂದ ಒಬ್ಬ. ಇಂಥ ಅಧಿಕಾರಿ ಸಿಗುವುದಿಲ್ಲ ಎಂದ ಇನ್ನೊಬ್ಬ. ಗೌತಮ ಮತ್ತೊಮ್ಮೆ ಮೊದಲಿನಿಂದ ಹೇಳಿದ. ಹೇಳಿದಷ್ಟೂ ಅವನು ಅವರ ಕಣ್ಣಲ್ಲಿ ದೊಡ್ಡವನಾಗುತ್ತ ಹೋದ. ಅಮರೇಶ ಕೇಳಿದ ದಿನವೇ ಇದೇ ಅಂಗಳದಲ್ಲಿ ಇದೇ ಮಾತು ಹೇಳಿದ್ದರೆ ಉಗಿದು ಓಡಿಸುತ್ತಿದ್ದರು, ಆದರೆ ನಂಬುತ್ತಿದ್ದರು.

ಮಹಾಂತಮ್ಮ ಅವನಿಗೆ ಚಹಾ ತರಲು ಒಳಗೆ ಹೋದಳು. ಗೌತಮ ಬೇಲಿಯ ಕಡೆ ತಿರುಗಿದ. ದುರುಗಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ನೀ ಚಹಾ ಕುಡದು ಬಾ ಯಪ್ಪಾ. ನಂಗ ಹೊತ್ತಾಗ್ತದ," ಎಂದು ರಸ್ತೆ ಹಿಡಿದು ನಡೆದಳು.