ಹರಕೆಯ ಗಡ್ಡ

ಬನಶಂಕರಿ ಎರಡನೇ ಸ್ಟೇಜಿನಲ್ಲಿ ಹನಮಂತನ ಕಟಿಂಗ್ ಶಾಪ್ ಇರುವ ರಸ್ತೆಯಲ್ಲೇ ಆಶ್ರಿತ್ ಬೆಳೆದದ್ದು. ಮೀಸೆ ಚಿಗುರಿದಾಗಿನಿಂದ ಅವನ ಮುಖಕ್ಕೆ ಬೇರೆ ಯಾರ ಕತ್ತಿಯೂ ತಾಗಿರಲಿಲ್ಲ. ಅವನ ಬಲಗೆನ್ನೆಯಲ್ಲಿ ಕೂದಲು ಸುಳಿಯಾಗಿ ಬೆಳೆಯುತ್ತದೆ, ಅಲ್ಲಿ ನೇರ ಕೆಳಕ್ಕೆ ಎಳೆದರೆ ಮರುದಿನ ಗುಳ್ಳೆ ಏಳುತ್ತದೆ ಎನ್ನುವುದು ಹನಮಂತನ ಬೆರಳಿಗೇ ಗೊತ್ತಿತ್ತು. ಮದುವೆಯ ದಿನ ಬೆಳಿಗ್ಗೆ ಛತ್ರಕ್ಕೆ ಹೋಗಿ ಶೇವ್ ಮಾಡಿ ಬಂದವನೂ ಅವನೇ.

ಅಂಥ ಆಶ್ರಿತ್ ಒಂದು ಭಾನುವಾರ ಬಂದು ಕುರ್ಚಿಯಲ್ಲಿ ಕೂರದೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತ.

"ಹನಮಂತಣ್ಣ, ಇನ್ನು ಕೆಲವು ತಿಂಗಳು ನಾನು ಬರಲ್ಲ. ಇಂಚರಾ ಬಸುರಿ. ಮಗು ಹುಟ್ಟೋವರೆಗೂ ಕೂದಲಿಗೂ ಗಡ್ಡಕ್ಕೂ ಕತ್ತರಿ ಸೋಕಿಸಲ್ಲ ಅಂತ ಅಮ್ಮನವರಿಗೆ ಹರಕೆ ಹೊತ್ಕೊಂಡಿದೀನಿ."

ಹಿಂದಿನ ಎರಡು ಬಸಿರು ಉಳಿಯಲಿಲ್ಲ ಎನ್ನುವುದು ಹನಮಂತನಿಗೆ ಗೊತ್ತಿತ್ತು. ಎರಡನೆಯದು ಹೋದಾಗ ಆಶ್ರಿತ್ ಇದೇ ಅಂಗಡಿಗೆ ಬಂದು ಮುಖಕ್ಕೆ ನೊರೆ ಹಚ್ಚಿಸಿಕೊಂಡು, ನೊರೆಯ ಮೇಲೆ ಕಣ್ಣೀರು ಇಳಿಸಿದ್ದ. ಗಂಡ ಹೆಂಡತಿ ಇಬ್ಬರೂ ಓದಿದವರು. ಆದರೂ ಆ ನಷ್ಟಕ್ಕೆ ಡಾಕ್ಟರು ಹೇಳಿದ ಕಾರಣಗಳು ಅವರಿಗೆ ಸಾಕಾಗಿರಲಿಲ್ಲ.

"ಒಳ್ಳೇದಾಗ್ತದೆ ಸಾರ್. ಮಗು ನೋಡಿದ ದಿನ ನಾನೇ ಮನೆಗ್ ಬಂದು ತೆಗೀತೀನಿ," ಎಂದ.

ತಿಂಗಳುಗಳು ಕಳೆದವು. ಆಶ್ರಿತನ ಗಡ್ಡ ಮುಖ ತುಂಬಿ ಗಲ್ಲದಿಂದ ಕೆಳಗಿಳಿಯಿತು. ಅಂಗಡಿಯ ಮುಂದೆ ಬೈಕಿನಲ್ಲಿ ಹೋಗುವಾಗಲೆಲ್ಲ ಗಡ್ಡ ಸವರಿಕೊಂಡು ನಗುತ್ತಿದ್ದ. ಇಂಚರಾಳಿಗೆ ಏಳನೆಯ ತಿಂಗಳು ತುಂಬುತ್ತಿದ್ದ ಹಾಗೆ ಅವನು ಕಾಣುವುದು ನಿಂತಿತು. ಜ್ವರವಂತೆ ಎಂದು ಯಾರೋ ಹೇಳಿದರು. ಆಮೇಲೆ ನ್ಯುಮೋನಿಯಾ ಎಂದರು. ಒಂದು ಮಧ್ಯಾಹ್ನ ಹನಮಂತ ಊಟಕ್ಕೆ ಕೂತಿದ್ದಾಗ ಇಂಚರಾ ಫೋನ್ ಮಾಡಿದಳು.

"ಅಣ್ಣ, ಜಯನಗರದ ಆಸ್ಪತ್ರೆಗೆ ಬರ್ತೀರಾ? ಈಗಲೇ. ಸಾಮಾನು ತಗೊಂಡು ಬನ್ನಿ."

ಅವಳ ದನಿ ಕೇಳಿಯೇ ಅವನು ತಟ್ಟೆ ಬಿಟ್ಟೆದ್ದ.

ಐಸಿಯು ಬಾಗಿಲ ಹೊರಗೆ ಆಶ್ರಿತನ ತಾಯಿ ಸತ್ಯಭಾಮಾ ಗೋಡೆಗೊರಗಿ ನಿಂತಿದ್ದರು. ಹನಮಂತನ ಕೈಯಲ್ಲಿದ್ದ ಚೀಲ ನೋಡಿದ್ದೇ ಅಡ್ಡ ಬಂದರು.

"ಬೇಡಪ್ಪ ಹನಮಂತ. ಹರಕೆ ಮುರಿದ್ರೆ ಆ ಮಗೂನೂ ಉಳಿಯಲ್ಲ. ನೀನಾದ್ರೂ ಅವಳಿಗೆ ಹೇಳು."

ಇಂಚರಾ ಒಳಗಿನಿಂದ ಬಂದಳು. ಬಸಿರಿನ ಭಾರಕ್ಕೆ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದಳು. "ಅಮ್ಮ, ನಿಮ್ ಮಗನಿಗೆ ಉಸಿರಾಡೋಕೇ ಆಗ್ತಿಲ್ಲ," ಎಂದಳು. ಅಷ್ಟೇ. ಸತ್ಯಭಾಮಾ ಕುಸಿದು ಕುರ್ಚಿಯಲ್ಲಿ ಕೂತರು.

ಡ್ಯೂಟಿ ಡಾಕ್ಟರು ಹನಮಂತನಿಗೆ ವಿಷಯ ತಿಳಿಸಿದರು. ಆಶ್ರಿತನಿಗೆ ಮಷಿನ್ನಿನಿಂದ ಒತ್ತಡದ ಗಾಳಿ ಕೊಡಬೇಕು. ಅದಕ್ಕೆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡದ ಸಂದಿಯಿಂದ ಗಾಳಿಯೆಲ್ಲ ಸೋರಿಹೋಗುತ್ತಿದೆ. ಸಿಸ್ಟರ್ ಒಬ್ಬರು ತೆಗೆಯಲು ಹೋದಾಗ ಅವನು ಕೊಸರಾಡಿ ಕೆನ್ನೆ ಗೀರಿತು. ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಬೇಗ ನಿಲ್ಲಲೂ ಇಲ್ಲ.

"ಮಾಸ್ಕ್ ಕೂರದಿದ್ರೆ ಗಂಟಲಿಗೆ ಟ್ಯೂಬ್ ಹಾಕ್ಬೇಕಾಗುತ್ತೆ. ಅವರ ಶ್ವಾಸಕೋಶ ಇರೋ ಸ್ಥಿತೀಲಿ ಅಲ್ಲಿಂದ ವಾಪಸ್ ಬರ್ತಾರೆ ಅಂತ ನಾನು ಮಾತು ಕೊಡೋಕಾಗಲ್ಲ. ಅವರಿಗೆ ಈಗ ಪೂರ್ತಿ ಪ್ರಜ್ಞೆ ಇಲ್ಲ, ಹೆಂಡತಿ ಒಪ್ಪಿಗೆ ಕೊಟ್ಟಿದಾರೆ. ನೀವು ಮಾಡ್ತೀರಾ?"

ಹನಮಂತ ಕೈ ತೊಳೆದು, ಅವರು ಕೊಟ್ಟ ಗೌನು ಹಾಕಿಕೊಂಡು ಒಳಗೆ ಹೋದ. ಆಶ್ರಿತ್ ಮಂಚಕ್ಕೆ ಒರಗಿ ಕೂತಿದ್ದ. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಪ್ರತಿ ಉಸಿರಿಗೂ ಕತ್ತಿನ ನರಗಳು ಹಗ್ಗದಂತೆ ಬಿಗಿಯುತ್ತಿದ್ದವು. ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು.

"ಸಾರ್, ನಾನು ಹನಮಂತ."

ಕಣ್ಣು ತೆರೆಯಿತು. ಗುರುತು ಹಿಡಿಯಿತು. ಆಮೇಲೆ ಹನಮಂತನ ಕೈಯಲ್ಲಿದ್ದ ಕತ್ತರಿಯ ಮೇಲೆ ನಿಂತಿತು. ಆಶ್ರಿತ್ ಬೇಡವೆಂದು ತಲೆಯಾಡಿಸಿದ. ಮಾಸ್ಕಿನೊಳಗೆ ಏನೋ ಹೇಳಿದ. ಹನಮಂತ ಕಿವಿ ಹತ್ತಿರ ತಂದ.

"ಮಗು..."

ಇಷ್ಟು ವರ್ಷದ ಕಸುಬಿನಲ್ಲಿ ಬೇಡವೆಂದವನ ಮೇಲೆ ಹನಮಂತ ಕತ್ತಿ ಇಟ್ಟವನಲ್ಲ. ಅವನು ಇಂಚರಾಳ ಕಡೆ ತಿರುಗಿದ.

"ಮೇಡಂ, ಇವರು ಬೇಡ ಅಂತಿದಾರೆ."

"ಗೊತ್ತು."

"ನನ್ನ ಕೈಲಿ ಹೆಂಗಾಗ್ತದೆ?"

"ನಿಮ್ ಕೈಲಿ ಆಗಲ್ಲ ಅಂದ್ರೆ ಇನ್ಯಾರ ಕೈಲಿ ಆಗುತ್ತೆ ಅಣ್ಣ?" ಅವಳು ಅಳುತ್ತಿರಲಿಲ್ಲ. ಅಳುವಷ್ಟು ಬಿಡುವಿರಲಿಲ್ಲ. ಮಂಚದ ಆ ಬದಿಗೆ ಹೋಗಿ ಗಂಡನ ಎರಡೂ ಕೈಗಳನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. "ಒದೀತಿದೆ ನೋಡು. ಚೆನ್ನಾಗಿದೆ. ಇದಕ್ಕೆ ಅಪ್ಪ ಬೇಕು ಕಣೋ." ಆಶ್ರಿತ್ ಕೈ ಎಳೆದುಕೊಳ್ಳಲು ನೋಡಿದ. ಬಲ ಸಾಲಲಿಲ್ಲ.

ಹನಮಂತ ಕೆಲಸ ಶುರು ಮಾಡಿದ.

ಆಕ್ಸಿಜನ್ ಹರಿಯುವ ಕಡೆ ಕರೆಂಟಿನ ಟ್ರಿಮ್ಮರ್ ಬೇಡವೆಂದಿದ್ದರು. ಬಾಚಣಿಗೆಯಲ್ಲಿ ಎತ್ತಿ ಕತ್ತರಿಯಲ್ಲಿ ಕತ್ತರಿಸುತ್ತಾ ಗಡ್ಡವನ್ನು ಚರ್ಮದ ಹತ್ತಿರಕ್ಕೆ ತಂದ. ಉದುರಿದ್ದು ಮೂಗು ಬಾಯಿಗೆ ಹೋಗದಂತೆ ಒದ್ದೆ ಬಟ್ಟೆಯಲ್ಲಿ ಎತ್ತಿಕೊಂಡ. ಆಮೇಲೆ ಬೆಚ್ಚಗಿನ ನೀರು, ಚೂರು ಸೋಪು, ಹೊಸ ಬ್ಲೇಡು. ಸಿಸ್ಟರ್ ಮಾಸ್ಕ್ ಎತ್ತಿದಾಗ ಎರಡು ಮೂರು ಎಳೆತ. ಅಷ್ಟರಲ್ಲಿ ಮಾನಿಟರ್ ಕೂಗಿಕೊಳ್ಳುತ್ತಿತ್ತು, ಮಾಸ್ಕ್ ಮತ್ತೆ ಮುಖಕ್ಕೆ ಬರುತ್ತಿತ್ತು. ಹನಮಂತ ಕತ್ತಿಯನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಿದ್ದ. ಏದುಸಿರಿಗೆ ದವಡೆ ಮೇಲೆ ಕೆಳಗೆ ಹಾರುತ್ತಿತ್ತು. ಆ ಹಾರಾಟದ ಲಯ ಹಿಡಿದು, ಉಸಿರು ಹೊರಗೆ ಬಿಟ್ಟ ಕ್ಷಣದಲ್ಲಿ ಮಾತ್ರ ಎಳೆಯುತ್ತಿದ್ದ. ಒಳಕ್ಕೆ ಹೋಗಿದ್ದ ಕೆನ್ನೆಯನ್ನು ಹೆಬ್ಬೆರಳಿನಿಂದ ಕಿವಿಯ ಕಡೆಗೆ ಎಳೆದು ಚರ್ಮ ಬಿಗಿಮಾಡಿದ. ಬಲಗೆನ್ನೆಯ ಸುಳಿಯಲ್ಲಿ ಅಡ್ಡಡ್ಡ ಹೋದ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು.

ಅಷ್ಟು ಹೊತ್ತೂ ಆಶ್ರಿತ್ ಅವನನ್ನೇ ನೋಡುತ್ತಿದ್ದ. ಕೊನೆಗೆ ಮೂಗಿನ ಕೆಳಗಿನದನ್ನು ತೆಗೆಯುವಾಗ ಇನ್ನೊಮ್ಮೆ ತಲೆಯಾಡಿಸಿದ, ಬಹಳ ನಿಧಾನವಾಗಿ. ಹನಮಂತ ಕತ್ತಿ ಎತ್ತಿ, ತಲೆ ನಿಲ್ಲುವವರೆಗೆ ಕಾದು, ಉಳಿದದ್ದನ್ನೂ ತೆಗೆದ. ಎಲ್ಲೂ ಒಂದು ಹನಿ ರಕ್ತ ಬರಲಿಲ್ಲ.

ಮಾಸ್ಕ್ ಕೂತಿತು. ಸೋರುವ ಸದ್ದು ನಿಂತಿತು. ಡಾಕ್ಟರು ಮಾನಿಟರ್ ನೋಡುತ್ತಾ ತುಂಬಾ ಹೊತ್ತು ನಿಂತು, "ಆಕ್ಸಿಜನ್ ಏರ್ತಾ ಇದೆ," ಎಂದರು. ಹನಮಂತ ಹೊರಗೆ ಬಂದಾಗ ಸತ್ಯಭಾಮಾ ಮುಖ ತಿರುಗಿಸಿಕೊಂಡರು. ಅವನು ಮೆಟ್ಟಿಲಿಳಿದು, ಆಸ್ಪತ್ರೆಯ ಕಾಂಪೌಂಡ್ ಪಕ್ಕ ಕೂತು ಕತ್ತರಿ, ಬಾಚಣಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡ.

ಆಶ್ರಿತ್ ಬದುಕಿದ. ಒಂದು ವಾರಕ್ಕೆ ಎದ್ದು ಕೂತ, ಮನೆಗೂ ಬಂದ. ಅವನು ಮನೆಗೆ ಬಂದ ಕೆಲವೇ ದಿನಗಳಲ್ಲಿ ಇಂಚರಾಳಿಗೆ ನೋವು ಬಂತು. ಮಗು ಹೆಣ್ಣು. ದಿನ ತುಂಬುವ ಮೊದಲೇ ಹುಟ್ಟಿದ ಪುಟ್ಟ ಮೈ. ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇತ್ತು, ಆಮೇಲೆ ಇಲ್ಲವಾಯಿತು.

ಸುದ್ದಿ ಕೇಳಿದ ದಿನ ಹನಮಂತ ಷಟರ್ ಎಳೆದು ಮನೆಗೆ ಹೋದ. ಅವರ ಮನೆಯ ಮುಂದೆ ಎರಡು ಸಲ ಹೋಗಿ ಗೇಟು ಮುಟ್ಟದೆ ವಾಪಸಾದ. ಯಾವ ಬಾಯಿಂದ ಏನು ಹೇಳುವುದು? ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿದರೆ ಸಾಕು, ಆ ತಲೆಯಾಡಿಸಿದ್ದು ಕಣ್ಣಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಆಶ್ರಿತ್ ಬಂದ. ಬಾಗಿಲಲ್ಲೇ ನಿಂತ. ಗಡ್ಡ ಮತ್ತೆ ಕುರುಚಲಾಗಿ ಬೆಳೆದಿತ್ತು. ಅಂಗಿ ಮೈಮೇಲೆ ಜೋಲುತ್ತಿತ್ತು.

"ಕೂತ್ಕೊಳಿ ಸಾರ್."

"ಬೇಡ. ಒಂದು ಕೇಳ್ಬೇಕು." ಅವನ ದನಿ ಇನ್ನೂ ಒಡೆದೇ ಇತ್ತು. "ಅವತ್ತು ಏನಾಯ್ತು ಅಂತ ನಂಗೆ ನೆನಪೇ ಇಲ್ಲ ಹನಮಂತಣ್ಣ. ನೀವು ಬಂದಿದ್ದು ಗೊತ್ತು, ಆಮೇಲೆಲ್ಲ ಕತ್ತಲೆ. ನಾನು ಒಪ್ಪಿದ್ನಾ? ನೀನೇ ಒಪ್ಪಿದೆ ಅಂತಾಳೆ ಇಂಚರಾ. ಜೀವ ಉಳಿಸ್ಕೊಳ್ಳೋಕೆ ನಾನೇ ತೆಗೀರಿ ಅಂದ್ನಾ? ನಿದ್ದೆ ಬರ್ತಿಲ್ಲ. ಮಗೂನ ಕೊಟ್ಟು ನನ್ನ ಉಸಿರು ಕೊಂಡ್ಕೊಂಡೆ ಅನ್ಸುತ್ತೆ."

ಹನಮಂತನಿಗೆ ಅರ್ಥವಾಯಿತು. ತನ್ನ ಮಾತಿಗೆ ವಿರುದ್ಧವಾಗಿ ನಡೆದರೆಂದು ಗಂಡ ನೊಂದುಕೊಳ್ಳಬಾರದೆಂದು ಇಂಚರಾ ಸುಳ್ಳು ಹೇಳಿದ್ದಳು. ಆ ಸುಳ್ಳೇ ಇವನನ್ನು ಕೊರೆಯುತ್ತಿತ್ತು. ಹೌದೆಂದರೆ ಅವಳ ಮಾತು ಉಳಿಯುತ್ತದೆ. ಇಲ್ಲವೆಂದರೆ ಇವನು ಯಾರನ್ನು ದ್ವೇಷಿಸುತ್ತಾನೋ.

"ಒಪ್ಪಲಿಲ್ಲ ಸಾರ್," ಎಂದ. "ಕೊನೇವರೆಗೂ ಬೇಡ ಅಂದ್ರಿ. ಮಗು ಅಂದ್ರಿ. ನಾನು ಕೇಳಲಿಲ್ಲ. ನೀವು ಸಾಯೋದನ್ನ ನೋಡೋಕೆ ನನ್ನಿಂದ ಆಗಲಿಲ್ಲ, ತೆಗೆದುಬಿಟ್ಟೆ. ತಪ್ಪಿದ್ರೆ ನಂದು."

ಆಶ್ರಿತ್ ಒಂದೇ ಹೆಜ್ಜೆಗೆ ಒಳಗೆ ಬಂದು ಹನಮಂತನ ಅಂಗಿಯ ಎದೆ ಹಿಡಿದ. ಹೊಡೆಯುತ್ತಾನೆಂದು ಹನಮಂತ ಕಣ್ಣು ಮುಚ್ಚಿದ. ಹೊಡೆತ ಬೀಳಲಿಲ್ಲ. ಹಿಡಿದ ಕೈ ಸಡಿಲವಾಯಿತು. ಆಶ್ರಿತ್ ಬೆಂಚಿನ ಮೇಲೆ ಕುಕ್ಕರಿಸಿ, ಮೊಣಕಾಲಿಗೆ ಹಣೆಯಿಟ್ಟು, ಎದೆ ಬಿರಿಯುವಂತೆ ಅತ್ತ. ಮಗುವನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಹನಮಂತ ಬಾಗಿಲು ಅರ್ಧ ಮುಚ್ಚಿ, ಬಂದ ಗಿರಾಕಿಗಳನ್ನು ಕೈಸನ್ನೆಯಲ್ಲೇ ಕಳಿಸಿ, ಹೊರಗೆ ನಿಂತ.

ಬಹಳ ಹೊತ್ತಿನ ಮೇಲೆ ಆಶ್ರಿತ್ ಹೊರಗೆ ಬಂದ. "ಇಂಚರಾ ನನ್ ಕೈ ಹಿಡ್ಕೊಂಡಿದ್ಳಾ?" ಎಂದು ಕೇಳಿದ.

"ಹಿಡ್ಕೊಂಡಿದ್ರು ಸಾರ್. ಹೊಟ್ಟೆ ಮೇಲೆ ಇಟ್ಕೊಂಡಿದ್ರು. ಪಾಪು ಒದೀತಿತ್ತು."

ಆಶ್ರಿತ್ ತನ್ನ ಅಂಗೈ ನೋಡಿಕೊಂಡ. ಮನೆಯ ಕಡೆ ಹೊರಟ. ಉಬ್ಬಸ ಬಂದು ರಸ್ತೆಯ ಮಧ್ಯದಲ್ಲೇ ಒಮ್ಮೆ ನಿಂತ. ಹನಮಂತ ಓಡಿಹೋಗಿ ತೋಳು ಹಿಡಿದ. ಆಶ್ರಿತ್ ಆ ಕೈಯನ್ನು ಕೊಡವಲೂ ಇಲ್ಲ, ಅದರ ಮೇಲೆ ಭಾರ ಬಿಡಲೂ ಇಲ್ಲ. ಗೇಟಿನಲ್ಲಿ ಇಂಚರಾ ನಿಂತಿದ್ದಳು. ಗಂಡನ ಕೆಂಪಾದ ಕಣ್ಣು ನೋಡಿದಳು, ಹನಮಂತನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಬಾ ಒಳಗೆ," ಎಂದು ಗಂಡನಿಗೆ ಹೇಳಿ, ಗೇಟನ್ನು ಅಗಲವಾಗಿ ತೆರೆದಳು.