ಅತ್ತೆ ಮನೆಯ ಏರು

ಹನ್ನೊಂದು ವರ್ಷ ಅಲ್ವೀಸೆ ಸೈಕಲ್ ತುಳಿದದ್ದು ಗೆಲ್ಲುವುದಕ್ಕಲ್ಲ, ಗೆಲ್ಲುವವನಿಗೆ ನೀರು ಹೊರುವುದಕ್ಕೆ. ಕ್ಯಾಪ್ಟನ್ ಸೊಲ್ದೇರಾನ ಗಾಲಿ ಪಂಕ್ಚರ್ ಆದರೆ ತನ್ನದನ್ನು ಬಿಚ್ಚಿ ಕೊಡುವವನೂ ಅವನೇ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರಲ್ಲ, ಹಾಗೆ ಪತ್ರಿಕೆಗಳಲ್ಲಿ ಬರುತ್ತಿದ್ದದ್ದು ಸೊಲ್ದೇರಾನ ಪಟ ಮಾತ್ರ. ದಿನಕ್ಕೊಂದು ಹಂತ, ಹಂತಕ್ಕೊಂದು ಗೆಲುವು ಎಂಬಂತೆ ಇಟಲಿ ಸುತ್ತುವ ಈ ಸೈಕಲ್ ಓಟ ಮುಗಿದರೆ ತಂಡದಲ್ಲಿ ಅಲ್ವೀಸೆಗೆ ಜಾಗವಿಲ್ಲವೆಂದು ಮ್ಯಾನೇಜರ್ ಹೇಳಿಯಾಗಿತ್ತು. ಹೋಗುವ ಮುಂಚೆ ಒಂದೇ ಒಂದು ಸಲ ಗೆಲ್ಲಬೇಕು! ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಎಲ್ಲರೂ ನಗುತ್ತಿದ್ದರು.

ಅಂದು ಓಟ ಅವನ ಊರಿನ ಮೇಲೆಯೇ ಹಾದುಹೋಗುವುದಿತ್ತು. ಸವಾರರಲ್ಲಿ ಒಂದು ಪದ್ಧತಿ: ಯಾರ ಊರು ಬರುತ್ತದೋ ಅವನನ್ನು ಗುಂಪು ಮುಂದೆ ಬಿಡುತ್ತದೆ. ಅವನು ಹೆಂಡತಿಗೆ ಮುತ್ತಿಟ್ಟು, ಗುಂಪು ಬರುವ ತನಕ ಅಲ್ಲೇ ನಿಂತಿರಬೇಕು. ಆ ಸಲುಗೆಯಲ್ಲೇ ಓಡಿಹೋದವನ ಮುಖವನ್ನು ಮತ್ತೆ ಯಾವ ಸವಾರನೂ ನೋಡುವುದಿಲ್ಲ.

“ಹೋಗೋ ಮಾರಾಯ, ಒನೊರೀನಾ ಕಾಯ್ತಿರ್ತಾಳೆ,” ಎಂದ ಸೊಲ್ದೇರಾ. “ವೈನ್ ಜಾಸ್ತಿ ಕುಡೀಬೇಡ, ಆಮೇಲೆ ನಿನ್ನನ್ನ ನಾನು ಹೊರಬೇಕಾಗುತ್ತೆ!”

ಇಗರ್ಜಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಅಲ್ವೀಸೆ ಇಳಿದು ಹೆಂಡತಿಯನ್ನು ತಬ್ಬಿದ. ಒನೊರೀನಾ ಅವನನ್ನು ದೂರ ತಳ್ಳಿದಳು.

“ಇಲ್ಲಿ ಏನ್ ನಿಂತಿದೀಯ? ಹಿಂದೆ ಒಂದು ನರಪಿಳ್ಳೆ ಕಾಣ್ತಿಲ್ಲ. ಹೋಗು!”

“ಆಗಲ್ಲ ಕಣೇ. ಅವರು ಬರೋ ತನಕ ನಿಲ್ಲಬೇಕು.”

“ಸರಿ, ಬಂದ ಮೇಲೆ?”

ಅಲ್ವೀಸೆ ತಾನು ಬಂದ ದಾರಿಯತ್ತ ತಿರುಗಿ ನೋಡಿದ. ಬಂದ ಮೇಲಿನದಕ್ಕೆ ಪದ್ಧತಿ ಏನೂ ಹೇಳಿರಲಿಲ್ಲ!

ಗುಂಪು ಹರಟುತ್ತ ನಿಧಾನವಾಗಿ ಬಂತು. ಅಲ್ವೀಸೆ ಸೈಕಲ್ ಏರಿ ಅವರ ನಡುವೆ ಸೇರಿಕೊಂಡ. ಊರಾಚೆಯ ಏರು ಶುರುವಾದದ್ದೇ ತಡ, ಸೀಟಿನಿಂದೆದ್ದು ತುಳಿಯತೊಡಗಿದ.

“ಇವನು ಮತ್ತೆಲ್ಲಿಗೆ ಹೊರಟ?” ಎಂದು ಯಾರೋ ಕೇಳಿದರು.

“ಮೇಲೆ ಅತ್ತೆ ಮನೆ ಇರಬೇಕು, ಬಿಡ್ರೋ,” ಎಂದ ಸೊಲ್ದೇರಾ. “ಅತ್ತೆಗೂ ಒಂದು ಮುತ್ತು ಕೊಡಲಿ!”

ಗುಂಪೆಲ್ಲ ಗೊಳ್ಳೆಂದು ನಕ್ಕಿತು. ಆ ಅತ್ತೆ ಎಂದೋ ಮಣ್ಣು ಸೇರಿದ್ದಳು, ಪಾಪ. ಅಲ್ವೀಸೆ ತಿರುಗಿ ನೋಡಲಿಲ್ಲ. ಎಳೆಯನಾಗಿದ್ದಾಗಿನಿಂದ ತುಳಿದ ಏರು, ಪ್ರತಿ ತಿರುವೂ ಗೊತ್ತು. ಹಿಂದಿನವರಿಗೆ ಎಚ್ಚರವಾಗುವಷ್ಟರಲ್ಲಿ ಅವನು ನೆತ್ತಿ ದಾಟಿ ಆಚೆಯ ಇಳಿಜಾರಿನಲ್ಲಿದ್ದ. ಆಮೇಲೆ ಶುರುವಾಯಿತು ಬೆನ್ನಟ್ಟುವಿಕೆ! ಆ ದಿನದ ಓಟ ಮುಗಿಯುವ ಪೇಟೆಯ ಮೊದಲ ಮನೆಗಳು ಬಂದವು. ತೊಡೆ ಉರಿಯುತ್ತಿತ್ತು, ಬಾಯಿ ತುಂಬ ಧೂಳು, ಬೆನ್ನ ಹಿಂದೆಯೇ ಚೈನುಗಳ ಸದ್ದು. ಇನ್ನೊಂದು ಚೂರು, ಇನ್ನೊಂದೇ ಚೂರು!

ಗೆರೆ ದಾಟಿದ. ಮುಂದೆ ಯಾರೂ ಇರಲಿಲ್ಲ.

ಕೈ ಎತ್ತಬೇಕೆಂಬುದೂ ಹೊಳೆಯಲಿಲ್ಲ. ತನ್ನ ಸೈಕಲ್ಲನ್ನು ಗೋಡೆಗೊರಗಿಸಿ, ಎಂದಿನ ರೂಢಿಯಂತೆ ಓಡಿಹೋಗಿ ಸೊಲ್ದೇರಾನ ಸೈಕಲ್ ಹಿಡಿದುಕೊಂಡ.

“ಕಳ್ಳ! ಮೇಲೆ ನಿನ್ನ ಅತ್ತೆ ಮನೆ ಇತ್ತೇನೋ?”

“ಇಲ್ಲ, ಕ್ಯಾಪ್ಟನ್.”

ಸೊಲ್ದೇರಾ ದುರುಗುಟ್ಟಿಕೊಂಡು ನೋಡಿದ. ಆಮೇಲೆ ಇಳಿದು, ಅವನ ಬೆರಳುಗಳನ್ನು ಹ್ಯಾಂಡಲ್ಲಿನಿಂದ ಬಿಡಿಸಿದ.

“ಬಿಡು ಇದನ್ನ. ನಿನ್ನ ಸೈಕಲ್ ನಾನು ನೋಡ್ಕೋತೀನಿ. ಅಲ್ಲಿ ಹೂವು ಹಿಡ್ಕೊಂಡು ಕಾಯ್ತಿದಾರೆ, ಓಡೋ!”